ಎಳೆಮಕ್ಕಳು ಮತ್ತು ವಲಸೆ: ಕಬಕದ ದಾರಿಯ ಒಂದೂವರೆ ಶತಮಾನ

ಮಂಗಳೂರಿನಿಂದ ಬರುವ ಹೆದ್ದಾರಿ ಮಾಣಿಯಲ್ಲಿ ಕವಲೊಡೆದ ಮೇಲೆ ಅದರ ಒಂದು ಕವಲು ಕಬಕದಲ್ಲಿ ವಿಟ್ಲದ ರಸ್ತೆಯನ್ನು ಕೂಡಿಕೊಂಡು, ಪುತ್ತೂರು, ಸುಳ್ಯ, ಸಂಪಾಜೆಗಳ ಮೂಲಕ ಮಡಿಕೇರಿಯ ಘಟ್ಟವನ್ನು ಏರುತ್ತದೆ. ಈಗ ರಾಷ್ಟ್ರೀಯ ಹೆದ್ದಾರಿ 275 ಎಂದು ಕರೆಯಲಾಗುವ ಈ ದಾರಿಯ ಆಚೀಚಿನ ಊರುಗಳು, ಅಂದರೆ ಇಂದಿನ ಪುತ್ತೂರು, ಸುಳ್ಯ ಮತ್ತು ಕಡಬ ತಾಲ್ಲೂಕುಗಳು, ಕಳೆದ ಒಂದೂವರೆ ಶತಮಾನದಲ್ಲಿ ಜನರನ್ನು ಹೊರಗೆ ಕಳುಹಿಸಿಯೂ ಇವೆ, ಹೊರಗಿನಿಂದ ಬಂದವರಿಗೆ ನೆಲೆ ಕೊಟ್ಟೂ ಇವೆ. ಕಾಫಿತೋಟದ ಕೂಲಿಗೆ ಘಟ್ಟ ಹತ್ತಿದವರು, ಮುಂಬಯಿಯ ಹೋಟೆಲುಗಳಿಗೆ ಹೋದ ಹುಡುಗರು, ತಿರುವಾಂಕೂರಿನಿಂದ ಜಮೀನು ಅರಸಿ ಬಂದ ಕೃಷಿಕರು, ಸಿಲೋನಿನಿಂದ, ಅಂದರೆ ಇಂದಿನ ಶ್ರೀಲಂಕಾದಿಂದ, ಮರಳಿದ ತಮಿಳು ತೋಟಕಾರ್ಮಿಕರು, ಕೊಲ್ಲಿ ದೇಶಗಳಿಗೆ ವಿಮಾನವೇರಿದವರು, ಇವರೆಲ್ಲರ ಮುಂದೆಯೂ ಎಳೆಯ ಮಗುವನ್ನು ಜೊತೆಗೆ ಕರೆದೊಯ್ಯುವುದೋ ಹಿಂದೆ ಬಿಡುವುದೋ ಎಂಬ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ಬಂದಿದೆ. ಇದು ತಂದೆತಾಯಿಯರ ಮನಸ್ಸಿಗೆ ಬಿಟ್ಟ ವಿಷಯವೆಂದು ಮೇಲ್ನೋಟಕ್ಕೆ ತೋರುತ್ತದೆಯಾದರೂ, ಆ ನಿರ್ಧಾರದ ಬಹುಭಾಗವನ್ನು ಕೂಲಿಯ ಸ್ವರೂಪ, ಕುಟುಂಬದ ಕಟ್ಟುಕಟ್ಟಳೆ ಮತ್ತು ಸರಕಾರದ ಕಾಗದಪತ್ರಗಳು ಮೊದಲೇ ಮಾಡಿ ಮುಗಿಸಿರುತ್ತಿದ್ದವು ಎಂಬುದನ್ನು ಈ ಪ್ರದೇಶದ ಚರಿತ್ರೆ ಸ್ಪಷ್ಟವಾಗಿ ತೋರಿಸುತ್ತದೆ.

ಘಟ್ಟ ಹತ್ತುವ ವಲಸೆ ಇವುಗಳಲ್ಲಿ ಹಳೆಯದು. ಕೊಡಗಿನ ಹಾಲೇರಿ ಅರಸರ ಆಳ್ವಿಕೆಗೆ ಸೇರಿದ್ದ ಅಮರ ಸುಳ್ಯ ಮತ್ತು ಪುತ್ತೂರಿನ ಕೆಲವು ಭಾಗಗಳು 1834ರಲ್ಲಿ ಕೊಡಗು ಬ್ರಿಟಿಷರ ವಶವಾದ ಬಳಿಕ ಕೆನರಾ ಜಿಲ್ಲೆಗೆ ಸೇರಿದವು. ಆಡಳಿತದಲ್ಲಿ ಘಟ್ಟದ ಮೇಲೂ ಕೆಳಗೂ ಬೇರೆಬೇರೆಯಾದರೂ ದುಡಿಮೆಯ ನಂಟು ಕಡಿಯಲಿಲ್ಲ. 1854ರಲ್ಲಿ ಜಾನ್ ಫೌಲರ್ ಎಂಬಾತ ಮಡಿಕೇರಿಯ ಬಳಿ ಯುರೋಪಿಯನ್ನರ ಮೊದಲ ಕಾಫಿತೋಟವನ್ನು ತೆರೆದ ಮೇಲೆ ತೋಟಗಳು ಬೇಗಬೇಗನೆ ಹಬ್ಬಿದವು, ಮತ್ತು ಅವುಗಳಿಗೆ ಬೇಕಾದ ಆಳುಗಳನ್ನು ಮೈಸೂರು ಸೀಮೆಯಿಂದಲೂ ಘಟ್ಟದ ಕೆಳಗಿನಿಂದಲೂ ಕರೆತರಲಾಯಿತು. ಈ ಕರೆತರುವ ಕೆಲಸ ಮೇಸ್ತ್ರಿಯದು. ಮೇಸ್ತ್ರಿ ಎಂದರೆ ತೋಟದ ದೊರೆಯಿಂದ ಹಣ ಪಡೆದು, ಊರಿಗಿಳಿದು, ಗುಡಿಸಲು ಗುಡಿಸಲಿಗೆ ಮುಂಗಡ ಕೊಟ್ಟು, ಆಳುಗಳ ಗುಂಪು ಕಟ್ಟಿಕೊಂಡು ತೋಟಕ್ಕೆ ಮುಟ್ಟಿಸುವ ಮಧ್ಯವರ್ತಿ. ಮುಂಗಡ ಪಡೆದವನು ಕೆಲಸಕ್ಕೆ ಬಾರದಿದ್ದರೆ ಅದನ್ನು ಕೇವಲ ಸಾಲದ ವ್ಯಾಜ್ಯವಾಗಿ ನೋಡದೆ ಅಪರಾಧವಾಗಿ ನೋಡುವ ಕಾಯಿದೆಯೊಂದು 1859ರಲ್ಲಿ ಜಾರಿಗೆ ಬಂತು. ಅದರ ಪ್ರಕಾರ ಮ್ಯಾಜಿಸ್ಟ್ರೇಟರು ಹಣ ಮರಳಿಸಲು ಇಲ್ಲವೇ ಕೆಲಸ ಮಾಡಿ ತೀರಿಸಲು ಆಜ್ಞೆ ಮಾಡಬಹುದಿತ್ತು, ಅದಕ್ಕೂ ಒಪ್ಪದವನಿಗೆ ಮೂರು ತಿಂಗಳವರೆಗೆ ಸೆರೆವಾಸ ವಿಧಿಸಬಹುದಿತ್ತು. 1925ರಲ್ಲಿ ಅದನ್ನು ರದ್ದುಪಡಿಸುವ ಕಾನೂನು ಆಗುವವರೆಗೆ, ಆರು ದಶಕಗಳಿಗೂ ಮಿಕ್ಕಿ, ತೋಟದ ಕೂಲಿಯ ಬೆನ್ನಿಗೆ ಈ ಕಾಯಿದೆ ನಿಂತಿತ್ತು.

ಮುಂಗಡವು ಒಬ್ಬನ ಹೆಸರಿನಲ್ಲಿದ್ದರೂ ಅದು ತೀರುತ್ತಿದ್ದುದು ಮನೆಮಂದಿಯೆಲ್ಲರ ದುಡಿಮೆಯಿಂದ. ಕಾಫಿಹಣ್ಣಿನ ಕೊಯ್ಲು ಹೆಂಗಸರು, ಮಕ್ಕಳು ಕೈಗೂಡಿಸಬಹುದಾದ ಕೆಲಸ. ಗಿಡದ ಕೆಳಗಿನ ರೆಂಬೆಗಳಿಗೆ ಎಳೆಯ ಕೈಗಳೇ ಸುಲಭವಾಗಿ ಎಟಕುತ್ತವೆ. ಆದ್ದರಿಂದ ನಡೆಯಬಲ್ಲ, ಬುಟ್ಟಿ ಹಿಡಿಯಬಲ್ಲ ಮಗುವನ್ನು ಕರೆದೊಯ್ಯುವುದರಲ್ಲಿ ತೋಟಕ್ಕೂ ಲಾಭ, ಸಾಲ ಹೊತ್ತ ತಂದೆಗೂ ಲಾಭ. ಇನ್ನೂ ನಡೆಯಲಾರದ ಕೂಸಿನ ವಿಷಯ ಬೇರೆ. ಹಾಲು ಕುಡಿಯುವ ಮಗುವನ್ನು ತಾಯಿ ಬಿಟ್ಟುಹೋಗುವಂತಿರಲಿಲ್ಲವಾದ್ದರಿಂದ ಅದು ಅವಳ ಜೊತೆಗೇ ಘಟ್ಟ ಹತ್ತುತ್ತಿತ್ತು. ನೆರಳುಮರದ ತಗ್ಗಿನ ಕೊಂಬೆಗೆ ಹಳೆಯ ಸೀರೆಯ ಜೋಲಿ ಕಟ್ಟಿ ಅದರಲ್ಲಿ ಮಲಗಿಸಿ, ಸಾಲು ಹಿಡಿದು ಕೊಯ್ಯುತ್ತ ಹೋದ ತಾಯಿ ಅತ್ತ ಸದ್ದು ಕೇಳಿದಾಗ ಬಂದು ಹಾಲೂಡಿಸಿ ಮತ್ತೆ ಸಾಲಿಗೆ ಸೇರುವುದು ತೋಟಗಳಲ್ಲಿ ತೀರ ಈಚಿನವರೆಗೂ ಕಾಣಸಿಗುತ್ತಿದ್ದ ನೋಟ. ಕಷ್ಟವಿದ್ದುದು ಇವೆರಡರ ನಡುವಿನ ಪ್ರಾಯದ, ಹಾಲು ಬಿಟ್ಟ, ಆದರೆ ದುಡಿಯಲಾರದ ಎರಡು ಮೂರು ವರ್ಷದ ಮಕ್ಕಳದು. ಇವರ ಹೊಟ್ಟೆಗೆ ಅಕ್ಕಿ ಬೇಕು, ಕೂಲಿಯ ಲೆಕ್ಕದಲ್ಲಿ ಇವರ ಹೆಸರಿಲ್ಲ. ಊರಲ್ಲಿ ಅಜ್ಜಿಯೋ ಚಿಕ್ಕಮ್ಮನೋ ಇದ್ದರೆ ಅಲ್ಲಿ ಬಿಡುವುದೇ ಸರಳವಾದ ದಾರಿಯಾಗಿತ್ತು.

ಬಿಡುವುದಕ್ಕೆ ಇನ್ನೊಂದು ಬಲವಾದ ಕಾರಣ ಚಳಿಜ್ವರ. ಘಟ್ಟದ ತಪ್ಪಲು ಮಲೇರಿಯಾದ ತವರು; 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾಗಿ ಮನೆಮನೆಗೂ ಡಿಡಿಟಿ ಸಿಂಪಡಿಸುವವರೆಗೆ ಸುಳ್ಯ, ಸುಬ್ರಹ್ಮಣ್ಯದ ಕಡೆಯ ಕಾಡಂಚಿನ ಊರುಗಳಲ್ಲಿಯೂ, ಮೇಲಿನ ತೋಟಗಳಲ್ಲಿಯೂ ಅದರ ಹಾವಳಿ ಇತ್ತು, ಮತ್ತು ಅದಕ್ಕೆ ಮೊದಲು ಬಲಿಯಾಗುತ್ತಿದ್ದವರು ಐದು ವರ್ಷದೊಳಗಿನ ಮಕ್ಕಳು. ಪುತ್ತೂರಿನಲ್ಲಿ ದಶಕಗಳ ಕಾಲ ನೆಲೆಸಿದ್ದ ಶಿವರಾಮ ಕಾರಂತರ ‘ಚೋಮನ ದುಡಿ’ 1933ರಲ್ಲಿ ಪ್ರಕಟವಾಯಿತು. ಅದರಲ್ಲಿ ಸಾಲ ತೀರಿಸಲೆಂದು ಮೊದಲು ಗಂಡುಮಕ್ಕಳು, ಬಳಿಕ ಮಗಳು ಬೆಳ್ಳಿ ತೋಟಕ್ಕೆ ಹೋಗಬೇಕಾಗುತ್ತದೆ. ಕಾದಂಬರಿಯನ್ನು ದಾಖಲೆಯಾಗಿ ಓದುವಾಗ ಎಚ್ಚರ ಬೇಕು. ಆದರೂ ಸಾಲ ಮಾಡಿದವನು ಊರಲ್ಲಿ ಉಳಿದು, ಅದನ್ನು ತೀರಿಸುವವರು ಮಕ್ಕಳಾಗುವ ಏರ್ಪಾಡನ್ನು ಅಷ್ಟು ನಿಖರವಾಗಿ ಹಿಡಿದಿಟ್ಟ ಬರಹ ಆ ಕಾಲದ ಸರಕಾರಿ ವರದಿಗಳಲ್ಲಿ ಸಿಗುವುದು ಕಷ್ಟ. ಕೆಳಗಿನ ಜಮೀನುದಾರರಿಗೂ ಇದರಲ್ಲಿ ಆಸಕ್ತಿಯಿತ್ತೆಂದು ಊಹಿಸಬಹುದು. ಮೂಲದಾಳು ಎಂಬ, ಒಡೆಯನ ಮನೆಗೆ ವಂಶಪರಂಪರೆಯಾಗಿ ಅಂಟಿಕೊಂಡ ಆಳಿನ ಪದ್ಧತಿ, ಗುಲಾಮಗಿರಿಗೆ ಇದ್ದ ಕಾನೂನಿನ ಮಾನ್ಯತೆಯನ್ನು ತೆಗೆದ 1843ರ ಕಾಯಿದೆಯ ನಂತರವೂ ರೂಢಿಯಲ್ಲಿ ಉಳಿದಿತ್ತಾದ್ದರಿಂದ, ಹೆಂಡತಿ ಮಕ್ಕಳನ್ನು ಬಿಟ್ಟು ಘಟ್ಟಕ್ಕೆ ಹೋದ ಆಳು ಬೇಸಾಯದ ಹೊತ್ತಿಗೆ ಮರಳುತ್ತಾನೆಂಬ ಭರವಸೆ ಒಡೆಯನಿಗಿರುತ್ತಿತ್ತು. ಮಕ್ಕಳ ಸಮೇತ ಹೋದವನ ವಿಷಯದಲ್ಲಿ ಆ ಭರವಸೆಗೆ ಆಧಾರವಿರಲಿಲ್ಲ.

ಸ್ವಾತಂತ್ರ್ಯಾನಂತರ ಬಂದ 1951ರ ತೋಟಕಾರ್ಮಿಕರ ಕಾಯಿದೆ ಈ ಚಿತ್ರವನ್ನು ಬದಲಿಸಲು ಯತ್ನಿಸಿತು. ಐವತ್ತು ಅಥವಾ ಅದಕ್ಕೂ ಹೆಚ್ಚು ಹೆಂಗಸರು ದುಡಿಯುವ ತೋಟದಲ್ಲಿ ಆರು ವರ್ಷದೊಳಗಿನ ಮಕ್ಕಳಿಗಾಗಿ ಶಿಶುಮಂದಿರ ಇರಬೇಕೆಂದೂ, ಹನ್ನೆರಡು ತುಂಬದ ಮಗುವನ್ನು ಕೆಲಸಕ್ಕೆ ಹಚ್ಚಬಾರದೆಂದೂ ಅದು ವಿಧಿಸಿತು. ಹಳೆಯ ಏರ್ಪಾಡಿನಲ್ಲಿ ದುಡಿಯಬಲ್ಲ ಮಗು ಬೇಕಾಗಿತ್ತು, ದುಡಿಯಲಾರದ ಮಗು ಹೊರೆಯಾಗಿತ್ತು. ಹೊಸ ಕಾಯಿದೆ, ಕಾಗದದ ಮೇಲಾದರೂ, ಇದನ್ನು ತಲೆಕೆಳಗು ಮಾಡಿತು.

ಕರಾವಳಿಯಿಂದ ಮುಂಬಯಿಗೆ ಹೋದವರ ಕಥೆಯಲ್ಲಿ ಮಗುವನ್ನು ಕರೆದೊಯ್ಯುವ ಮಾತು ಬಹುಕಾಲ ಏಳಲೇ ಇಲ್ಲ, ಮತ್ತು ಅದಕ್ಕೆ ಅಳಿಯಕಟ್ಟು ಒಂದು ಮುಖ್ಯ ಕಾರಣ. ಅಳಿಯಕಟ್ಟು ಅಥವಾ ಅಳಿಯಸಂತಾನ ಎಂದರೆ ಬಂಟರು, ಬಿಲ್ಲವರು ಮೊದಲಾದವರಲ್ಲಿ ರೂಢಿಯಲ್ಲಿದ್ದ, ತಾಯಿಯ ಕಡೆಯಿಂದ ವಂಶವನ್ನೂ ಆಸ್ತಿಯನ್ನೂ ಎಣಿಸುವ ಪದ್ಧತಿ. ಹುಟ್ಟಿದ ಮಗು ತಾಯಿಯ ಕುಟುಂಬದ್ದು, ಆ ಕುಟುಂಬದ ಆಸ್ತಿಯಲ್ಲಿ ಅದಕ್ಕೆ ಹುಟ್ಟಿನಿಂದಲೇ ಹಕ್ಕು. ತಂದೆ ಮುಂಬಯಿಗೆ ಹೋದನೆಂದರೆ ಮಗು ಅನಾಥವಾಗುವುದಿಲ್ಲ, ಅದು ತನ್ನ ಮನೆಯಲ್ಲೇ ಸೋದರಮಾವನ ಯಜಮಾನಿಕೆಯಲ್ಲಿ ಬೆಳೆಯುತ್ತದೆ. ಅದನ್ನು ಊರು ಬಿಡಿಸಿ ಕರೆದೊಯ್ಯುವುದೇ ಅಲ್ಲಿ ವಿವರಣೆ ಬೇಡುವ ಸಂಗತಿಯಾಗಿತ್ತು. ಸುಳ್ಯದ ಅರೆಭಾಷೆ ಗೌಡರು ಮತ್ತು ಹವ್ಯಕರಂತಹ ಮಕ್ಕಳಕಟ್ಟಿನ ಸಮುದಾಯಗಳಲ್ಲಿ ಮಗು ತಂದೆಯ ಮನೆಯದಾದರೂ, ಅವಿಭಕ್ತ ಕುಟುಂಬದ ದೊಡ್ಡ ಮನೆ ಅದೇ ಕೆಲಸವನ್ನು ಬೇರೊಂದು ಬಗೆಯಲ್ಲಿ ಮಾಡುತ್ತಿತ್ತು. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ ಕುಟುಂಬದ ಪಾಲಿಗೆ ದಾರಿ ತೆರೆದು, 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ತಂದೆಯ ಗಳಿಕೆಯಲ್ಲಿ ಮಕ್ಕಳಿಗೆ ಪಾಲು ಕೊಟ್ಟ ಮೇಲೆ, ಹಾಗೂ ಮುಂಬಯಿಯಲ್ಲಿ ಬಾಡಿಗೆಯ ಖೋಲಿ ಹಿಡಿಯುವಷ್ಟು ಸಂಪಾದನೆ ಆದ ಮೇಲೆಯೇ ಹೆಂಡತಿ ಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಅತ್ತ ಹೋಗತೊಡಗಿದರು.

ಅದೇ ಮುಂಬಯಿಗೆ ಮಕ್ಕಳು ಒಂಟಿಯಾಗಿ ಹೋದದ್ದೂ ಇದೇ ಕಾಲದಲ್ಲಿ. ಹತ್ತು ಹನ್ನೆರಡರ ಹುಡುಗನನ್ನು ಊರಿನವರೊಬ್ಬರ ಜೊತೆ ಮಂಗಳೂರಿನಿಂದ ಹಡಗು ಹತ್ತಿಸಿ, ಮುಂದೆ ಬಸ್ಸು ಹತ್ತಿಸಿ, ಹೋಟೆಲಿನಲ್ಲಿ ಲೋಟ ತೊಳೆಯುವ ಕೆಲಸಕ್ಕೆ ಕಳುಹಿಸಿದ ಮನೆಗಳು ಕರಾವಳಿಯಲ್ಲಿ ಅಸಂಖ್ಯ. ಹೋಟೆಲಿನವರಿಗೆ ಬೇಕಾಗಿದ್ದುದು ಸಂಸಾರವಿಲ್ಲದ, ಅಂಗಡಿ ಮುಚ್ಚಿದ ಮೇಲೆ ಅಲ್ಲೇ ಚಾಪೆ ಹಾಸಿ ಮಲಗುವ ಕೆಲಸಗಾರ. ಇವರಲ್ಲಿ ಹಲವರು ಫೋರ್ಟ್ ಮೊದಲಾದ ಕಡೆಗಳ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಮುಂದೆ ಬಂದರೆಂಬುದನ್ನು ಸಮುದಾಯದ ಸ್ಮರಣ ಸಂಚಿಕೆಗಳು ಹೆಮ್ಮೆಯಿಂದ ದಾಖಲಿಸುತ್ತವೆ. ಮುಂದೆ ಬಾರದವರ ಬಗ್ಗೆ ಅಂತಹ ಸಂಚಿಕೆಗಳು ಹೊರಬರುವುದಿಲ್ಲ. ಹದಿನಾಲ್ಕು ತುಂಬದ ಮಕ್ಕಳನ್ನು ಹೋಟೆಲು ಮತ್ತು ಮನೆಗೆಲಸಕ್ಕೆ ಇಟ್ಟುಕೊಳ್ಳುವುದು ದೇಶದಾದ್ಯಂತ ನಿಷಿದ್ಧವಾದದ್ದು 2006ರ ಅಕ್ಟೋಬರ್ 10ರಿಂದ.

ಹೊರಗಿನಿಂದ ಬಂದವರಲ್ಲಿ ತಿರುವಾಂಕೂರಿನ ಸಿರಿಯನ್ ಕ್ರೈಸ್ತ ಕೃಷಿಕರ ದಾರಿ ಬೇರೆ. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಮಲಬಾರಿಗೆ ಹರಿದ ಈ ವಲಸೆಯ ಒಂದು ಶಾಖೆ ನೆಲ್ಯಾಡಿ, ಶಿರಾಡಿ, ಕಡಬ, ಸುಳ್ಯಗಳ ಕಡೆಗೂ ಬಂತು. ಇವರು ಕೂಲಿಗೆ ಬಂದವರಲ್ಲ, ಅಲ್ಲಿನ ಚೂರು ಜಮೀನು ಮಾರಿ ಇಲ್ಲಿ ಹೆಚ್ಚು ಜಮೀನು ಕೊಂಡವರು. ಹಿಂತಿರುಗುವ ಮನೆಯೇ ಉಳಿದಿರಲಿಲ್ಲವಾದ್ದರಿಂದ ಮಗುವನ್ನು ಬಿಟ್ಟುಬರುವ ಪ್ರಶ್ನೆಯೂ ಉಳಿಯಲಿಲ್ಲ; ಮರಗೆಣಸು ಮತ್ತು ರಬ್ಬರಿನ ಜೊತೆಗೆ ಇಗರ್ಜಿಯೂ ಶಾಲೆಯೂ ಬೇಗನೆ ಎದ್ದವು. 2010ರಲ್ಲಿ ಸಿರೋ ಮಲಂಕರ ಸಭೆ ಪುತ್ತೂರನ್ನು ಕೇಂದ್ರವಾಗಿಟ್ಟು ಪ್ರತ್ಯೇಕ ಧರ್ಮಪ್ರಾಂತ್ಯವನ್ನೇ ಸ್ಥಾಪಿಸುವಷ್ಟು ಈ ಸಂಸಾರಗಳು ಬೇರೂರಿದವು.

ಮಗುವಿನ ವಿಷಯ ದೇಶಗಳ ನಡುವಿನ ಲೆಕ್ಕದ ಅಂಕಿಯಾಗಿಬಿಟ್ಟದ್ದು ಸಿಲೋನಿನಿಂದ ಬಂದವರ ಚರಿತ್ರೆಯಲ್ಲಿ. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಸಿಲೋನಿನ ಬೆಟ್ಟಗಳಲ್ಲಿಯೂ ಕೊಡಗಿನಂತೆ ಕಾಫಿಯೇ ಬೆಳೆಯಾಗಿತ್ತು; ತಮಿಳುನಾಡಿನ ಒಣಜಿಲ್ಲೆಗಳಿಂದ ಕೊಯ್ಲಿನ ಕಾಲಕ್ಕೆ ಗಂಡಸರು ಹೆಚ್ಚಾಗಿ ಹೋಗಿ, ಕೊಯ್ಲು ಮುಗಿದ ಮೇಲೆ ಮರಳುತ್ತಿದ್ದರು. 1869ರಲ್ಲಿ ಕಾಣಿಸಿಕೊಂಡ ಎಲೆತುಕ್ಕು ರೋಗ ಕಾಫಿಯನ್ನು ನಾಶಮಾಡಿ, ಆ ಜಾಗಕ್ಕೆ ಚಹಾ ಬಂತು. ಚಹಾದ ಚಿಗುರು ವರ್ಷವಿಡೀ ಬರುತ್ತದೆ, ಅದನ್ನು ಕೆಲವೇ ದಿನಗಳಿಗೊಮ್ಮೆ ಕೀಳುತ್ತಿರಬೇಕಾಗುತ್ತದೆ, ಮತ್ತು ಆ ಕೆಲಸಕ್ಕೆ ಹೆಂಗಸರ ಕೈಯನ್ನೇ ತೋಟದವರು ಬಯಸಿದರು. ಹೀಗಾಗಿ ಹೋಗಿಬರುವ ಗಂಡಸಿನ ಬದಲು ಅಲ್ಲೇ ನೆಲೆಸುವ ಸಂಸಾರ ಬೇಕಾಯಿತು. ಕೊಡಗಿನ ಕಾಫಿ ಮಗುವನ್ನು ಊರಲ್ಲಿ ಬಿಡಲು ಎಡೆಕೊಟ್ಟರೆ, ಸಿಲೋನಿನ ಚಹಾ ಅದನ್ನು ಸಮುದ್ರ ದಾಟಿಸಿತು. ಮೇಸ್ತ್ರಿಯ ಸ್ಥಾನದಲ್ಲಿ ಅಲ್ಲಿ ಕಂಗಾಣಿ ಇದ್ದ. ಸಾಲ ತೀರಿಸಿದರೆ ಗುಂಪನ್ನು ಬಿಡುಗಡೆ ಮಾಡುವುದಾಗಿ ತೋಟದ ಅಧಿಕಾರಿ ಬರೆದುಕೊಡುತ್ತಿದ್ದ ತುಂಡು ಎಂಬ ಚೀಟಿಯ ಮೂಲಕ ಇಡೀ ಇಡೀ ಸಂಸಾರಗಳು ಒಂದು ತೋಟದಿಂದ ಇನ್ನೊಂದಕ್ಕೆ ಸಾಲಸಮೇತ ಕೈಬದಲಾಗುತ್ತಿದ್ದವು. ಆ ಪದ್ಧತಿ 1921ರಲ್ಲಿ ನಿಂತಿತು. 1927ರಲ್ಲಿ ಭಾರತೀಯ ಕೂಲಿಗಳಿಗೆ ಕನಿಷ್ಠ ಕೂಲಿಯನ್ನು ಗೊತ್ತುಪಡಿಸುವ ಶಾಸನ ಬಂದಾಗ ಅದು ಗಂಡಸು, ಹೆಂಗಸು, ಮಗು ಎಂದು ಮೂರು ದರಗಳನ್ನು ಒಪ್ಪಿಕೊಂಡಿತು.

1948ರಲ್ಲಿ ಸಿಲೋನ್ ಸ್ವತಂತ್ರವಾದ ಬೆನ್ನಿಗೇ ಬಂದ ಪೌರತ್ವ ಕಾಯಿದೆ, ಆ ವರ್ಷದ ನವೆಂಬರ್ 15ರ ನಂತರ ಹುಟ್ಟುವ ಮಗುವಿನ ತಂದೆ ಸಿಲೋನಿನ ಪ್ರಜೆಯಾಗಿದ್ದರೆ ಮಾತ್ರ ಮಗುವೂ ಪ್ರಜೆ ಎಂದು ವಿಧಿಸಿತು. ತೋಟದ ಲೈನುಮನೆಯಲ್ಲೇ ಹುಟ್ಟಿ ಅಲ್ಲೇ ಬೆಳೆದ ತಂದೆಯ ಬಳಿಯೂ ತನ್ನ ತಂದೆ ಅಲ್ಲಿ ಹುಟ್ಟಿದ್ದಕ್ಕೆ ದಾಖಲೆ ಇರುತ್ತಿರಲಿಲ್ಲ; ಹಾಗಾಗಿ ತೊಟ್ಟಿಲಲ್ಲಿದ್ದ ಮಗುವೂ ಯಾವ ದೇಶಕ್ಕೂ ಸೇರದಾಯಿತು. ಮರುವರ್ಷ ಬಂದ ಭಾರತೀಯ ಮತ್ತು ಪಾಕಿಸ್ತಾನಿ ನಿವಾಸಿಗಳ ಪೌರತ್ವ ಕಾಯಿದೆ ಅರ್ಜಿ ಸಲ್ಲಿಸಲು ಅವಕಾಶ ಕೊಟ್ಟಿತಾದರೂ ಅದರ ಷರತ್ತುಗಳು ಬಿಗಿಯಾಗಿದ್ದವು. ಮದುವೆಯಾದವನು ಏಳು ವರ್ಷ, ಆಗದವನು ಹತ್ತು ವರ್ಷ ಎಡೆಬಿಡದೆ ಅಲ್ಲಿ ವಾಸವಿದ್ದುದನ್ನು ತೋರಿಸಬೇಕಾಗಿತ್ತಷ್ಟೇ ಅಲ್ಲದೆ, ಹೆಂಡತಿಯೂ ಮದುವೆಯ ಮೊದಲ ವರ್ಷ ತುಂಬುವುದರೊಳಗಿನಿಂದ, ಅವಲಂಬಿತ ಮಗುವೂ ಹುಟ್ಟಿದ ಮೊದಲ ವರ್ಷ ತುಂಬುವುದರೊಳಗಿನಿಂದ ಅಲ್ಲಿಯೇ ಇದ್ದಿರಬೇಕಾಗಿತ್ತು. ಹೆರಿಗೆಗೆ ತವರಿಗೆ ಹೋಗಿ, ಬಾಣಂತನ ಮುಗಿಸಿ, ಕೂಸು ಗಟ್ಟಿಯಾಗಲೆಂದು ಅಜ್ಜಿಯ ಬಳಿ ಒಂದೆರಡು ವರ್ಷ ಬಿಟ್ಟುಬರುವುದು ದಕ್ಷಿಣ ಭಾರತದಲ್ಲಿ ಯಾವ ಜಾತಿಯೂ ತಪ್ಪೆಂದು ಎಣಿಸದ ನಡವಳಿಕೆ. ಈ ಕಾಯಿದೆಯ ಎದುರಿನಲ್ಲಿ ಅದೇ ನಡವಳಿಕೆ ಇಡೀ ಸಂಸಾರದ ಪೌರತ್ವವನ್ನು ಕಳೆಯಬಲ್ಲ ಲೋಪವಾಯಿತು. ಗಡುವು ಮುಗಿದ 1951ರ ಆಗಸ್ಟ್‌ ವೇಳೆಗೆ ಸುಮಾರು 8 ಲಕ್ಷ 25 ಸಾವಿರ ಮಂದಿಯ ಪರವಾಗಿ ಅರ್ಜಿಗಳು ಬಂದಿದ್ದವು. ಮುಂದಿನ ಒಂದು ದಶಕದಲ್ಲಿ ಪೌರತ್ವ ಸಿಕ್ಕಿದ್ದು ಸುಮಾರು 1 ಲಕ್ಷ 34 ಸಾವಿರ ಮಂದಿಗೆ.

ಉಳಿದವರ ವಿಲೇವಾರಿಗಾಗಿ ಭಾರತದ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿ ಮತ್ತು ಸಿಲೋನಿನ ಪ್ರಧಾನಿ ಸಿರಿಮಾವೊ ಬಂಡಾರನಾಯಕೆ 1964ರ ಅಕ್ಟೋಬರ್ 30ರಂದು ಮಾಡಿಕೊಂಡ ಒಪ್ಪಂದ ಪ್ರಸಿದ್ಧವಾದದ್ದು. 9 ಲಕ್ಷ 75 ಸಾವಿರ ಮಂದಿಯಲ್ಲಿ 5 ಲಕ್ಷ 25 ಸಾವಿರ ಮಂದಿಯನ್ನು ಭಾರತವೂ 3 ಲಕ್ಷ ಮಂದಿಯನ್ನು ಸಿಲೋನೂ ಸ್ವೀಕರಿಸುವುದೆಂದೂ, ಉಳಿದ ಒಂದೂವರೆ ಲಕ್ಷವನ್ನು ಮುಂದೆ ತೀರ್ಮಾನಿಸುವುದೆಂದೂ ಅದರಲ್ಲಿ ಬರೆಯಲಾಯಿತು. 1974ರಲ್ಲಿ ಇಂದಿರಾ ಗಾಂಧಿಯವರ ಕಾಲದಲ್ಲಿ ಆ ಒಂದೂವರೆ ಲಕ್ಷವನ್ನು ಎರಡೂ ದೇಶಗಳು ಸಮಪಾಲು ಮಾಡಿಕೊಂಡವು. ಪ್ರತಿ ಅಂಕಿಯ ಮುಂದೆಯೂ ‘ಸ್ವಾಭಾವಿಕ ಹೆಚ್ಚಳದೊಂದಿಗೆ’ ಎಂಬ ಅರ್ಥದ ಮಾತು ಸೇರಿದೆ. ಆ ದಿನದ ನಂತರ ಹುಟ್ಟುವ ಮಕ್ಕಳೆಲ್ಲ ಈ ಹೆಚ್ಚಳದ ಬಾಬತ್ತಿಗೆ ಸೇರುವವರು. ತಂದೆತಾಯಿಯರು ಯಾವ ದೇಶದ ಪಾಲಿಗೆ ಬಿದ್ದರೋ ಅವರೂ ಆ ದೇಶದ ಪಾಲು. ಇಷ್ಟು ಮಂದಿಯ ಭವಿಷ್ಯವನ್ನು ಗೊತ್ತುಮಾಡಿದ ಒಪ್ಪಂದಕ್ಕೆ ಅವರಲ್ಲಿ ಯಾರೊಬ್ಬರ ಒಪ್ಪಿಗೆಯನ್ನೂ ಕೇಳಿರಲಿಲ್ಲವೆಂಬ ಟೀಕೆ ಅಂದಿನಿಂದಲೂ ಇದೆ, ಮತ್ತು ಅದು ನ್ಯಾಯವಾದ ಟೀಕೆ.

ಮಕ್ಕಳನ್ನು ಕರೆದೊಯ್ಯುವ ಪ್ರಶ್ನೆ ಇಲ್ಲಿ ವಯಸ್ಸಿನ ಗೆರೆಯ ಮೇಲೆ ಬಂದು ನಿಂತಿತು. ಭಾರತದ 1955ರ ಪೌರತ್ವ ಕಾಯಿದೆಯಡಿ ಅಪ್ರಾಪ್ತ ಮಕ್ಕಳನ್ನು ಪೋಷಕರ ಜೊತೆಗೆ ನೋಂದಾಯಿಸಬಹುದಿತ್ತು. ವಯಸ್ಸಿಗೆ ಬಂದವರು ತಮ್ಮದೇ ಅರ್ಜಿ ಹಾಕಬೇಕಿತ್ತು. ಅರ್ಜಿ ಸಲ್ಲಿಸುವುದಕ್ಕೂ ಹಡಗು ಹತ್ತುವುದಕ್ಕೂ ನಡುವೆ ಹಲವು ವರ್ಷಗಳು ಸರಿದುಹೋಗುತ್ತಿದ್ದುದರಿಂದ, ಆ ನಡುವೆ ದೊಡ್ಡವನಾದ ಮಗ ಅಲ್ಲೇ ಮದುವೆಯಾಗಿ ಸಿಲೋನಿನ ಪೌರತ್ವಕ್ಕೆ ಕಾಯುತ್ತ ಉಳಿಯುವುದು, ತಾಯ್ತಂದೆಯರು ಕಿರಿಯ ಮಕ್ಕಳೊಂದಿಗೆ ಹೊರಡುವುದು ಸಾಮಾನ್ಯವಾಯಿತು. ಎಳೆಯ ಮಗು ಯಾವ ತಕರಾರೂ ಇಲ್ಲದೆ ಜೊತೆಗೆ ಬಂದರೆ, ಬಿಟ್ಟುಬರಬೇಕಾದದ್ದು ಬೆಳೆದ ಮಕ್ಕಳನ್ನು. ವಲಸೆಯ ಬೇರೆಲ್ಲ ಕಥೆಗಳಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ. ಹೊರಡುವವರಿಗೆ ಕ್ಯಾಂಡಿಯಲ್ಲಿದ್ದ ಭಾರತದ ಸಹಾಯಕ ಹೈಕಮಿಷನ್ ಕಚೇರಿ ಕುಟುಂಬ ಕಾರ್ಡು ಎಂಬ ದಾಖಲೆಯನ್ನು ಕೊಡುತ್ತಿತ್ತು. ಅದರಲ್ಲಿ ಸಂಸಾರದ ಪ್ರತಿಯೊಬ್ಬರ ಹೆಸರಿದ್ದು, ಭಾರತದಲ್ಲಿ ಸಿಗಬೇಕಾದ ಪುನರ್ವಸತಿಯೆಲ್ಲ ಆ ಕಾರ್ಡಿನ ಆಧಾರದ ಮೇಲೆಯೇ ನಡೆಯುತ್ತಿತ್ತು. ತಲೈಮನ್ನಾರಿನಿಂದ ರಾಮೇಶ್ವರಕ್ಕೆ ಹಡಗು, ಅಲ್ಲಿಂದ ಮಂಡಪಂ ಶಿಬಿರ, ಅಲ್ಲಿಂದ ಗೊತ್ತುಪಡಿಸಿದ ಕಡೆಗೆ ಪಯಣ. ಒಂದು ಕಾಲದಲ್ಲಿ ಸಿಲೋನಿಗೆ ಹೋಗುವ ಕೂಲಿಗಳನ್ನು ರೋಗಶಂಕೆಯಿಂದ ತಡೆಹಿಡಿದು ತಪಾಸಣೆ ಮಾಡುತ್ತಿದ್ದುದೂ ಅದೇ ಮಂಡಪಂನಲ್ಲಿ. ದೇಶಕ್ಕೆ ಮರಳುತ್ತಿದ್ದಾರೆಂದು ಸರಕಾರ ಹೇಳುತ್ತಿದ್ದ ಈ ಸಂಸಾರಗಳ ಮಕ್ಕಳು, ಅನೇಕ ಕಡೆ ಅವರ ತಂದೆತಾಯಿಯರೂ, ಭಾರತವನ್ನು ನೋಡುತ್ತಿದ್ದುದು ಅದೇ ಮೊದಲು.

ಹೀಗೆ ಬಂದವರಲ್ಲಿ ಒಂದು ಪಾಲನ್ನು ನೀಲಗಿರಿಯ ಚಹಾತೋಟಗಳಿಗೆ, ಕೇರಳದ ಪುನಲೂರಿನ ರಬ್ಬರ್ ತೋಟಗಳಿಗೆ ಕಳುಹಿಸಿದಂತೆ ಕರ್ನಾಟಕಕ್ಕೂ ಕಳುಹಿಸಲಾಯಿತು. ಇಲ್ಲಿ ಅವರಿಗೆಂದು ಗೊತ್ತಾದ ಜಾಗ ಸುಳ್ಯ ಮತ್ತು ಪುತ್ತೂರಿನ ಸುತ್ತಲಿನ ಕಾಡು. ಅರಣ್ಯ ಇಲಾಖೆ 1960ರ ದಶಕದಲ್ಲಿ ಆರಂಭಿಸಿದ್ದ, 1971ರಲ್ಲಿ ಸ್ಥಾಪನೆಯಾದ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮ ಮುಂದೆ ವಹಿಸಿಕೊಂಡ ರಬ್ಬರ್ ತೋಟಗಳು ನಾಲ್ಕು ಸಾವಿರ ಹೆಕ್ಟೇರಿಗೂ ಮಿಕ್ಕಿ ಹಬ್ಬಿದವು. ಮೇದಿನಡ್ಕ, ಐವರ್ನಾಡು, ಕೌಡಿಚ್ಚಾರು, ಐತೂರು ಮೊದಲಾದ ಕಡೆಗಳಲ್ಲಿ ನಿಗಮದ ವಸತಿಗಳು ಎದ್ದವು. ಸ್ಥಳೀಯರ ಬಾಯಲ್ಲಿ ಅವು ಇಂದಿಗೂ ತಮಿಳರ ಕಾಲೊನಿಗಳು.

ರಬ್ಬರಿನ ದುಡಿಮೆ ಚಹಾದ ದುಡಿಮೆಯಂತಲ್ಲ. ಸಸಿ ನೆಟ್ಟು ಸುಮಾರು ಏಳು ವರ್ಷಗಳ ಮೇಲೆ ಮರ ಟ್ಯಾಪಿಂಗಿಗೆ ಬರುತ್ತದೆ. ಟ್ಯಾಪಿಂಗ್ ಎಂದರೆ ತೊಗಟೆಯನ್ನು ಓರೆಯಾಗಿ, ಒಳಗಿನ ಮರಕ್ಕೆ ತಾಗದಂತೆ ತೆಳ್ಳಗೆ ಕೆತ್ತಿ, ಒಸರುವ ಹಾಲನ್ನು ಚಿಪ್ಪಿನಲ್ಲಿ ಹಿಡಿಯುವುದು. ಕತ್ತಿ ಒಂದಿಷ್ಟು ಆಳಕ್ಕೆ ಹೋದರೂ ಮರಕ್ಕೆ ಗಾಯವಾಗಿ ಮುಂದಿನ ವರ್ಷಗಳ ಇಳುವರಿ ಕೆಡುತ್ತದೆ. ಬಿಸಿಲೇರುವ ಮೊದಲು ಹಾಲು ಚೆನ್ನಾಗಿ ಇಳಿಯುವುದರಿಂದ ಕೆಲಸ ನಸುಕಿನಲ್ಲೇ ಆರಂಭವಾಗಬೇಕು, ಬಳಿಕ ಹಾಲು ಸಂಗ್ರಹಿಸಿ ಹೊತ್ತು ತರಬೇಕು. ಚಹಾತೋಟದಲ್ಲಿ ಮಗು ತಾಯಿಯ ಬುಟ್ಟಿಗೆ ನಾಲ್ಕು ಚಿಗುರು ಸೇರಿಸಬಹುದಿತ್ತು; ಇಲ್ಲಿ ಮಗುವಿನಿಂದ ಆಗುವ ಕೆಲಸವೇ ಇಲ್ಲ. ಗಂಡಹೆಂಡಿರಿಬ್ಬರೂ ಕತ್ತಲಲ್ಲೇ ಮನೆ ಬಿಟ್ಟರೆ ಕೂಸನ್ನು ನೋಡುವವರು ಯಾರು ಎಂಬುದು ದಿನದಿನದ ಸಮಸ್ಯೆ. ಸಿಲೋನಿನ ತೋಟಗಳಲ್ಲಿ ಪಿಳ್ಳೆಕಾಂಬರಾ ಎಂದು ಕರೆಯುತ್ತಿದ್ದ ಕೂಸುಮನೆ ಇತ್ತು. ಕೆಲಸಕ್ಕೆ ಹೋಗುವ ತಾಯಂದಿರು ಮಕ್ಕಳನ್ನು ಅಲ್ಲಿ ಒಬ್ಬ ಆಯಾಳ ವಶಕ್ಕೆ ಒಪ್ಪಿಸಿ ಹೋಗುತ್ತಿದ್ದರು, ಹಾಲೂಡಿಸಲು ನಡುವೆ ಬರುತ್ತಿದ್ದರು. ಅದು ಆದರ್ಶದ ವ್ಯವಸ್ಥೆಯೇನಲ್ಲದಿದ್ದರೂ ತಲೆಮಾರುಗಳಿಂದ ರೂಢಿಯಾಗಿದ್ದುದು. ಹೊಸ ಕಾಡಿನ ನಡುವೆ ಸಾಲುಮನೆ ಹಿಡಿದ ಸಂಸಾರದಲ್ಲಿ ಆ ಹೊಣೆ ಎಷ್ಟೋ ವೇಳೆ ಬೀಳುತ್ತಿದ್ದುದು ಏಳೆಂಟು ವರ್ಷದ ಅಕ್ಕನ ಮೇಲೆ.

ಬಂದ ಮಕ್ಕಳಲ್ಲಿ ಓದಿದವರು ಓದಿದ್ದು ಹೆಚ್ಚಾಗಿ ಕನ್ನಡದಲ್ಲಿ. ಮನೆಯಲ್ಲಿ ತಮಿಳು, ಪೇಟೆಯಲ್ಲಿ ತುಳು ಅಥವಾ ಅರೆಭಾಷೆ, ಶಾಲೆಯಲ್ಲಿ ಕನ್ನಡ ಎಂಬ ಸ್ಥಿತಿಗೆ ಅವರು ತಂದೆತಾಯಿಯರಿಗಿಂತ ಬಹಳ ಬೇಗ ಹೊಂದಿಕೊಂಡರು. ಆದರೆ ಕಾಗದ ಅವರನ್ನು ಇಲ್ಲಿಯೂ ಬಿಡಲಿಲ್ಲ. ಪರಿಶಿಷ್ಟ ಜಾತಿಯ ಸ್ಥಾನ ಆಯಾ ರಾಜ್ಯಕ್ಕೆ ಸೀಮಿತವಾದದ್ದು, 1950ರ ರಾಷ್ಟ್ರಪತಿ ಆದೇಶದ ಕಾಲದಲ್ಲಿ ಕುಟುಂಬ ಎಲ್ಲಿ ನೆಲೆಸಿತ್ತೆಂಬುದರ ಮೇಲೆ ಅದು ನಿಲ್ಲುತ್ತದೆ. ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋದವರಿಗೆ ಅದು ತಾನಾಗಿ ಹಿಂಬಾಲಿಸುವುದಿಲ್ಲವೆಂದು ಸುಪ್ರೀಂ ಕೋರ್ಟ್ 1990ರಲ್ಲಿ ಹೇಳಿದೆ. 1950ರಲ್ಲಿ ಸಿಲೋನಿನ ಲೈನುಮನೆಯಲ್ಲಿದ್ದ ಕುಟುಂಬ ಯಾವ ರಾಜ್ಯದ್ದು? ತಮ್ಮ ಇಚ್ಛೆಯಿಂದ ಬಾರದೆ ಒಪ್ಪಂದದ ಮೇರೆಗೆ ಇಲ್ಲಿಗೆ ಕಳುಹಿಸಲ್ಪಟ್ಟವರ ಮಕ್ಕಳು ಜಾತಿ ಪ್ರಮಾಣಪತ್ರಕ್ಕಾಗಿ, ಅದರ ಮೂಲಕ ವಿದ್ಯಾರ್ಥಿವೇತನಕ್ಕಾಗಿ ಸುಳ್ಯ, ಪುತ್ತೂರಿನ ತಾಲ್ಲೂಕು ಕಚೇರಿಗಳಿಗೆ ವರ್ಷಗಟ್ಟಲೆ ಅಲೆದದ್ದರ ಹಿಂದೆ ಈ ಉತ್ತರವಿಲ್ಲದ ಪ್ರಶ್ನೆ ಇದೆ. ಕೆಲಸದೊಂದಿಗೆ ಕಟ್ಟಿಕೊಂಡಿರುವ ವಸತಿ ಇನ್ನೊಂದು ತೊಡಕು: ದುಡಿಯುವವರೆಗೆ ಮನೆ, ನಿವೃತ್ತಿಯಾದರೆ ಮನೆ ಬಿಡಬೇಕು. ಕುಟುಂಬ ಕಾರ್ಡಿನಲ್ಲಿ ಹಾಲುಗೂಸೆಂದು ಹೆಸರು ಬರೆಸಿಕೊಂಡು ಬಂದವರೇ ಈಗ ಆ ವಯಸ್ಸಿಗೆ ಬಂದಿದ್ದಾರೆ.

ಸಿಲೋನಿನಲ್ಲೇ ಉಳಿದ ಅಣ್ಣಂದಿರ ಕಡೆಯ ಕಥೆಯೂ ಸುಗಮವಾಗಿರಲಿಲ್ಲ. ತಮಿಳರ ವಿರುದ್ಧ ನಡೆದ 1983ರ ಜುಲೈ ಹಿಂಸಾಚಾರದ ಬಳಿಕ, 1984ರಲ್ಲಿ ಹಡಗು ಸಂಚಾರವೇ ನಿಂತುಹೋದುದರಿಂದ, ಭಾರತದ ಪಾಸ್‌ಪೋರ್ಟ್ ಪಡೆದೂ ಹೊರಡಲಾಗದವರು ಅಲ್ಲಿ ಸಿಕ್ಕಿಕೊಂಡರು. 1964ರ ಒಪ್ಪಂದದ ದಿನದಿಂದ ಅಲ್ಲೇ ನೆಲೆಸಿರುವ ಭಾರತೀಯ ಮೂಲದವರಿಗೂ ಅವರ ಸಂತತಿಗೂ ಶ್ರೀಲಂಕಾ ಪೌರತ್ವ ಕೊಡುವ ಕಾಯಿದೆಯನ್ನು 2003ರಲ್ಲಿ ಮಾಡಿತು. ಐವತ್ತೈದು ವರ್ಷಗಳ ಹಿಂದೆ ತಂದೆಯ ದೆಸೆಯಿಂದ ದೇಶ ಕಳೆದುಕೊಂಡ ಮಗು ಅಷ್ಟರಲ್ಲಿ ಅಜ್ಜನಾಗಿದ್ದ.

ರಬ್ಬರ್ ತೋಟಗಳಿಗೆ ಈ ಸಂಸಾರಗಳು ಬಂದಿಳಿಯುತ್ತಿದ್ದ 1970ರ ದಶಕದಲ್ಲಿಯೇ ಕಬಕ, ಪುತ್ತೂರು, ವಿಟ್ಲದ ಕಡೆಯ ಯುವಕರು ಎಣ್ಣೆಬೆಲೆಯ ಏರಿಕೆಯಿಂದ ಸಿರಿವಂತವಾದ ಕೊಲ್ಲಿ ದೇಶಗಳಿಗೆ ಹೋಗತೊಡಗಿದರು. ಮಂಗಳೂರಿನಿಂದ ನೇರವಾಗಿ ಅತ್ತ ವಿಮಾನ ಹಾರತೊಡಗಿದ್ದು 2006ರಲ್ಲಿ; ಅದಕ್ಕೆ ಮೊದಲು ಮುಂಬಯಿಯೇ ಹೆಬ್ಬಾಗಿಲು. ಅಲ್ಲಿಯ ಸರಕಾರಗಳು ಸಂಬಳ ಒಂದು ಮಟ್ಟ ಮುಟ್ಟದ ಕೆಲಸಗಾರನಿಗೆ ಕುಟುಂಬದ ವೀಸಾ ಕೊಡುವುದಿಲ್ಲವಾದ್ದರಿಂದ ಚಾಲಕ, ಅಂಗಡಿಯ ಸಹಾಯಕ, ಅಡುಗೆಯವನಂತಹವರ ಮಕ್ಕಳು ಊರಲ್ಲೇ ಉಳಿದರು, ತಂದೆ ಎರಡು ವರ್ಷಕ್ಕೊಮ್ಮೆ ಬಂದುಹೋಗುವ ನೆಂಟನಂತಾದ. ಮಟ್ಟ ಮುಟ್ಟಿದವರಿಗೂ ನಿಶ್ಚಿಂತೆಯಿಲ್ಲ. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಹುಟ್ಟಿದ ಮಗುವಿಗೆ 120 ದಿನಗಳೊಳಗೆ ವಾಸದ ಪರವಾನಗಿ ಮಾಡಿಸದಿದ್ದರೆ ದಂಡ ಬೀಳುತ್ತದೆ. ಸೌದಿ ಅರೇಬಿಯಾ 2017ರ ಜುಲೈಯಿಂದ ಪ್ರತಿ ಅವಲಂಬಿತರ ಮೇಲೆ ತಿಂಗಳಿಗೆ 100 ರಿಯಾಲ್ ಶುಲ್ಕ ಹಾಕಿ, ವರ್ಷವರ್ಷವೂ ಏರಿಸುತ್ತ 2020ಕ್ಕೆ ಅದನ್ನು 400 ಮಾಡಿತು; ಹೆಂಡತಿ ಮತ್ತು ಇಬ್ಬರು ಮಕ್ಕಳನ್ನು ಜೊತೆಗಿಟ್ಟುಕೊಳ್ಳುವುದಕ್ಕೆ ತಿಂಗಳಿಗೆ 1,200 ರಿಯಾಲ್ ತೆರಬೇಕಾದಾಗ ಅನೇಕರು ಸಂಸಾರವನ್ನು ಊರಿಗೆ ಕಳುಹಿಸಿದರು. ದಮ್ಮಾಮ್, ಜಿದ್ದಾಗಳ ಭಾರತೀಯ ಶಾಲೆಗಳಲ್ಲಿ ಓದುತ್ತಿದ್ದ ಮಕ್ಕಳು ಕರಾವಳಿಯ ಶಾಲೆಗಳಿಗೆ ಬಂದು ಸೇರಿದಾಗ ಅವರಿಗೆ ಎದುರಾದ ಮೊದಲ ತೊಡಕು ಕನ್ನಡ ಅಕ್ಷರ.

ಈಚಿನ ವರ್ಷಗಳಲ್ಲಿ ಹೊರಡುವವಳು ತಾಯಿಯೇ ಆಗಿರುವ ಉದಾಹರಣೆಗಳು ಹೆಚ್ಚಿವೆ. ಕರಾವಳಿಯ ನರ್ಸಿಂಗ್ ಕಾಲೇಜುಗಳಲ್ಲಿ ಕಲಿತವರು ಬ್ರಿಟನ್ನಿಗೆ ಹೋಗುವುದು ಹೊಸತಲ್ಲ. ವೃದ್ಧರನ್ನು, ರೋಗಿಗಳನ್ನು ನೋಡಿಕೊಳ್ಳುವ ಆರೈಕೆದಾರರ ಕೆಲಸಕ್ಕೂ ಅಲ್ಲಿ 2022ರಿಂದ ಭಾರತೀಯರು ದೊಡ್ಡ ಸಂಖ್ಯೆಯಲ್ಲಿ ಹೋದರು. ಅಲ್ಲಿಯ ಸರಕಾರ 2024ರ ಜನವರಿಯಿಂದ, ಸಂಶೋಧನೆಯ ತರಗತಿಗಳನ್ನು ಬಿಟ್ಟು ಉಳಿದ ವಿದೇಶಿ ವಿದ್ಯಾರ್ಥಿಗಳು ಅವಲಂಬಿತರನ್ನು ಕರೆತರುವುದನ್ನು ತಡೆಯಿತು. ಅದೇ ವರ್ಷ ಮಾರ್ಚ್ 11ರಿಂದ ಹೊಸದಾಗಿ ಬರುವ ಆರೈಕೆದಾರರಿಗೂ ಆ ತಡೆಯನ್ನು ಹಾಕಿತು. ನರ್ಸ್ ಎಂಬ ಹುದ್ದೆಯಲ್ಲಿ ಹೋಗುವವಳು ಮಗುವನ್ನು ಕರೆದೊಯ್ಯಬಹುದು. ಅದೇ ವೀಸಾದ ವರ್ಗದಲ್ಲಿ 2025ರ ಜುಲೈವರೆಗೆ ಆರೈಕೆದಾರಳಾಗಿ ಅರ್ಜಿ ಹಾಕಬಹುದಾಗಿದ್ದವಳು ಕರೆದೊಯ್ಯುವಂತಿರಲಿಲ್ಲ, ಆ ದಿನಾಂಕಕ್ಕೆ ಮೊದಲೇ ಹೋಗಿದ್ದವಳಾದರೆ ಕರೆಸಿಕೊಳ್ಳಬಹುದಿತ್ತು.